ಸುಶಿಗೆ ನೆಂಚಿಕೊಳ್ಳುವ ರಸ ಮನೆಯಲ್ಲೇ ಆಗುತ್ತದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸುಶಿ ಎಂಬ ಜಪಾನಿ ಅನ್ನದ ತಿನಿಸನ್ನು ಮನೆಯಲ್ಲೇ ಮಾಡುವುದು ಹೇಗೆ ಅಂತ ಒಂದು ಬರಹ ಬಂದಿತ್ತು. ಟೋಕಿಯೊದ ಎದೊಗಾವಾ ವಾರ್ಡಿನ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಫೋನಿನಲ್ಲಿ ಓದಿದೆ. ಅನ್ನ ಮಾಡುವ ಕ್ರಮ ಚೆನ್ನಾಗಿ ಬರೆದಿದ್ದರು. ಸೌತೆಕಾಯಿ ಸುರುಳಿಯ ಫೋಟೊ ಕೂಡ ಅಚ್ಚುಕಟ್ಟಾಗಿತ್ತು. ಕೊನೆಯ ನಾಲ್ಕು ಸಾಲಿಗೆ ಬಂದಾಗ ಮಾತ್ರ ಮನಸ್ಸು ತಡೆಯಲಿಲ್ಲ. ಸೋಯಾ ಸಾಸ್, ಟೊಮೆಟೊ ಕೆಚಪ್, ಮೆಯೊನೀಸ್, ಬೆಳ್ಳುಳ್ಳಿ ಪೇಸ್ಟ್ ಎಲ್ಲ ಕಲಸಿ, ಸುಶಿಯನ್ನು ಅದರಲ್ಲಿ ಚೆನ್ನಾಗಿ ಮುಳುಗಿಸಿ ತಿನ್ನಿ ಎಂದಿತ್ತು. ಪುರುಸೊತ್ತಿಲ್ಲದವರು ಅಂಗಡಿಯಲ್ಲಿ ಸಿಗುವ ಜಪಾನಿ ಸಾಸಿನ ಬಾಟಲಿ ತರಬಹುದು, ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ ಎಂದೂ ಇತ್ತು.

ಆ ಕೊನೆಯ ಮಾತಿಗಾಗಿಯೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು. ಆದರೂ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದರೆ ಅದೇ ನಂಬಿಕೆಯಿಂದ ನನ್ನ ಮನೆಯಲ್ಲಿ ಒಂದು ನೋವು ಆಗಿದೆ.

ನಾನು ಸಾಗರ ತಾಲ್ಲೂಕಿನವಳು. ಇಲ್ಲಿಗೆ ಬಂದು 11 ವರ್ಷ ಆಯಿತು. ನಮ್ಮ ಮನೆಯವರು ಹೊನ್ನಾವರದ ಕಡೆಯವರು. ಅವರೂ ಮಗನೂ ಮೀನು ತಿನ್ನುತ್ತಾರೆ, ನಾನು ತಿನ್ನುವುದಿಲ್ಲ. ವಾರಕ್ಕೆ ನಾಲ್ಕು ದಿನ ಹತ್ತಿರದ ಸೂಪರ್‌ಮಾರ್ಕೆಟಿನ ಹಿಂದಿರುವ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಏಳಕ್ಕೆ ಹೋದರೆ ಮೊದಲ ಎರಡು ಗಂಟೆ ಸೌತೆಕಾಯಿ ಸುರುಳಿ ಸುತ್ತುವುದು, ಇನಾರಿ ತುಂಬುವುದು. ಇನಾರಿ ಎಂದರೆ ಕರಿದ ತೋಫುವನ್ನು ಸಿಹಿ ಹಾಕಿ ಬೇಯಿಸಿ, ಆ ಚೀಲದೊಳಗೆ ಅನ್ನ ತುಂಬಿದ್ದು. ಎಂಟು ತುಂಡಿನ ಒಂದು ಪೊಟ್ಟಣಕ್ಕೆ ನಾವು ಇಡುವುದು ಒಂದೇ ಒಂದು ಪುಟ್ಟ ಶೋಯು ಚೀಲ. ಚಹಾ ಚಮಚದಲ್ಲಿ ಅಳೆದರೆ ಒಂದು ಚಮಚ ಆದೀತು. ಇನಾರಿಗಂತೂ ಅದೂ ಬೇಡ. ಶೋಯು ಎಂದರೆ ಇಲ್ಲಿಯ ಸೋಯಾ ಸಾಸ್.

ಯಾಕೆ ಇಷ್ಟು ಕಡಿಮೆ ಅಂದರೆ, ಸುಶಿಯ ಅನ್ನದಲ್ಲೇ ರುಚಿ ಇರುತ್ತದೆ. ಅಕ್ಕಿಯ ವಿನೆಗರ್, ಸಕ್ಕರೆ, ಉಪ್ಪು ಮೂರೂ ಬಿಸಿ ಅನ್ನಕ್ಕೆ ಬಿದ್ದಿರುತ್ತವೆ. ನಮ್ಮ ಚಿತ್ರಾನ್ನದ ಹಾಗೆ ಅದು ಸುಮ್ನೆ ತಿಂದರೂ ಸಪ್ಪೆ ಅನ್ನಿಸುವುದಿಲ್ಲ. ಹೊರಗಿನ ರಸ ಬರೀ ನಾಲಿಗೆಗೆ ತಾಗಬೇಕು. ನಿಮ್ಮ ಬರಹದಲ್ಲಿ 'ಡಿಪ್' ಎಂಬ ಪದ ಆರು ಕಡೆ ಬಂದಿದೆ. ನಮ್ಮಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಮಾತಿದೆ ಅಲ್ವಾ, ನೆಂಚಿಕೊಳ್ಳುವುದು. ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ ನೆಂಚಿಕೊಳ್ಳುತ್ತೇವೆ. ಉಪ್ಪಿನಕಾಯಿಯ ಜಾಡಿಯೊಳಗೆ ಮೊಸರನ್ನ ಸುರಿಯುವುದಿಲ್ಲ. ಸುಶಿಯ ಲೆಕ್ಕವೂ ಅದೇ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುವ ಕೈಯಲ್ಲಿ ಸುಶಿ ಮುಳುಗಿಸಿದರೆ ಅನ್ನ ಬಿಚ್ಚಿಕೊಂಡು ಬಟ್ಟಲಿನ ತಳಕ್ಕೆ ಹೋಗುತ್ತದೆ.

ಈಗ ನೋವಿನ ಮಾತು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನವೆಂಬರ್‌ನಲ್ಲಿ ಅಮ್ಮ ಮೊದಲ ಸಲ ಇಲ್ಲಿಗೆ ಬಂದರು. ಅವರಿಗೆ ಆಗ 71. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವರಲ್ಲ. ನಾನು ಜಾಗ್ರತೆಯಾಗಿಯೇ ಇದ್ದೆ. ಬೇರೆ ಪಾತ್ರೆ, ಬೇರೆ ಚಾಕು, ಬೇರೆ ಹಲಗೆ. ಅವರಿಗಾಗಿ ಸೌತೆಕಾಯಿ ಸುರುಳಿ ಮಾಡಿದೆ. ನೆಂಚಿಕೊಳ್ಳಲು ಅಂಗಡಿಯಿಂದ ಪೊಂಜು ಬಾಟಲಿ ತಂದೆ. ಪೊಂಜು ಎಂದರೆ ಶೋಯು ಮತ್ತು ಹುಳಿ ಹಣ್ಣಿನ ರಸ ಸೇರಿದ್ದು. ಬಾಟಲಿಯ ಮೇಲೆ ದೊಡ್ಡದಾಗಿ ಹಳದಿ ಹಣ್ಣಿನ ಚಿತ್ರ. ಅಮ್ಮನಿಗೆ ತುಂಬಾ ಹಿಡಿಸಿತು. 'ಹೇರಳೆಕಾಯಿ ಗೊಜ್ಜಿನ ಪರಿಮಳ ಬರ್ತದಲ್ಲೇ' ಅಂದರು. ಮೂರು ದಿನ ಅದನ್ನೇ ತಿಂದರು.

ನಾಲ್ಕನೇ ದಿನ ಬಾಟಲಿ ಖಾಲಿಯಾಗುತ್ತಾ ಬಂತು. ಅದೇ ಬೇಕಲ್ಲ, ಹೆಸರು ನೋಡಿಕೊಳ್ಳೋಣ ಅಂತ ಹಿಂದೆ ತಿರುಗಿಸಿದೆ. ಸಣ್ಣ ಅಕ್ಷರದ ಸಾಲು. ಶೋಯು, ಹಣ್ಣಿನ ರಸ, ಸಕ್ಕರೆ, ವಿನೆಗರ್, ಉಪ್ಪು. ಆರನೆಯದು ಒಂದು ಚೌಕದ ಅಕ್ಷರ. ಅದರ ಎಡಗಡೆ ಅರ್ಧದಲ್ಲಿ ಒಂದು ಗುರುತು, ಅದರ ಬುಡದಲ್ಲಿ ನಾಲ್ಕು ಚುಕ್ಕಿ. ಕೆಲಸದ ಜಾಗದಲ್ಲಿ ದಿನಾ ಲೇಬಲ್ ಅಂಟಿಸುವ ನನಗೆ ಆ ಗುರುತು ಚೆನ್ನಾಗಿ ಗೊತ್ತು. ಅದು ಮೀನು. ಪೂರ್ತಿ ಅಕ್ಷರ ಓದಿದರೆ ಕತ್ಸುಓ. ಒಣಗಿಸಿ, ಹೊಗೆ ಕೊಟ್ಟು, ಮರದ ಕೊರಡಿನ ಹಾಗೆ ಗಟ್ಟಿ ಮಾಡಿ, ಆಮೇಲೆ ಹೊಟ್ಟಿನ ಹಾಗೆ ಹೆರೆದು ಸಾರಿಗೆ ಹಾಕುವ ಮೀನು.

ಕೈಯಲ್ಲಿ ಬಾಟಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹೇಳದೆ ಇರಬಹುದಿತ್ತು. ಅಮ್ಮನಿಗೆ ಅದು ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರ ಬಾಯಿಗೆ ಹೋದದ್ದನ್ನು ಅವರಿಂದಲೇ ಮುಚ್ಚಿಡುವುದು ನನಗೆ ಆಗಲಿಲ್ಲ. ರಾತ್ರಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಮರುದಿನ ಮಧ್ಯಾಹ್ನದವರೆಗೆ ಬರೀ ನೀರು. ಆಮೇಲೆ ಗಂಜಿ ಉಂಡು, ನನ್ನ ಹತ್ತಿರ ಕೂತು, 'ನೀ ಗೊತ್ತಿದ್ದು ಹಾಕಿದ್ದಲ್ಲ. ಅಳಬೇಡ. ಇನ್ನು ಬಾಟ್ಲಿ ತರಬೇಡ, ಮನೇಲೇ ಏನು ಮಾಡ್ಲಿಕ್ಕೆ ಆಗ್ತದೆ ನೋಡು' ಅಂದರು.

ತಪ್ಪು ಆ ಬಾಟಲಿ ಮಾಡಿದವರದ್ದಲ್ಲ. ಅವರು ಬರೆದೇ ಇದ್ದರು, ಓದದೆ ಇದ್ದದ್ದು ನಾನು. ನಿಮ್ಮ ಓದುಗರಿಗೆ ಹೇಳಬೇಕಾದ್ದು ಇಷ್ಟೇ. ಜಪಾನಿ ಪೊಂಜು, ನೂಡಲ್ಸಿನ ರಸ, 'ದಾಶಿ ಶೋಯು' (ಸಾರು ಬೆರೆಸಿದ ಶೋಯು) ಎಂದು ಬರೆದ ಬಾಟಲಿಗಳಲ್ಲಿ ಹೆಚ್ಚಿನವಕ್ಕೆ ಈ ಒಣಮೀನಿನ ಸಾರ ಬಿದ್ದಿರುತ್ತದೆ. ಹಣ್ಣಿನ ಚಿತ್ರ ನೋಡಿ ನಂಬಬೇಡಿ. ಅಲರ್ಜಿಯ ಪಟ್ಟಿ ನೋಡಿಯೂ ನಂಬಬೇಡಿ. ಇಲ್ಲಿಯ ಅಲರ್ಜಿ ಪಟ್ಟಿಯಲ್ಲಿ ಸೀಗಡಿ, ಏಡಿ, ಬಂಗುಡೆ ಜಾತಿಯ ಮೀನು ಎಲ್ಲ ಬರುತ್ತವೆ, ಕತ್ಸುಓ ಬರುವುದಿಲ್ಲ. ಭಾರತದಲ್ಲಿ ಮಾರುವ ಪೊಟ್ಟಣಗಳ ಮೇಲೆ ಹಸಿರು ಚುಕ್ಕಿ ಇರುತ್ತದೆ, ಅದು ದೊಡ್ಡ ಉಪಕಾರ. ವಿದೇಶದಿಂದ ಯಾರೋ ತಂದುಕೊಟ್ಟ ಬಾಟಲಿಗೆ ಆ ಚುಕ್ಕಿ ಇರುವುದಿಲ್ಲ.

ಮನೆಯಲ್ಲಿ ಮಾಡುವುದನ್ನು ನಮಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಎಂಬತ್ತು ದಾಟಿದವರು, ಒಬ್ಬರೇ ಇರುತ್ತಾರೆ. ವಿಷಯ ಕೇಳಿ ಅವರೇ ಬೇಜಾರು ಮಾಡಿಕೊಂಡರು. ಬೌದ್ಧ ಗುಡಿಗಳಲ್ಲಿ ಮೀನು ಮಾಂಸ ಇಲ್ಲದ ಅಡುಗೆ ಇದೆ, ಶೋಜಿನ್ ಅಂತ ಅದರ ಹೆಸರು. ಅಲ್ಲಿ ಒಣಮೀನಿನ ಬದಲು ಕೊಂಬು ಮತ್ತು ಒಣಗಿದ ಶಿಟಾಕೆ ಅಣಬೆಯ ನೀರು ಬಳಸುತ್ತಾರೆ ಎಂದು ಹೇಳಿ, ಮನೆಗೆ ಹೋಗಿ ಎರಡನ್ನೂ ತಂದರು. ಕೊಂಬು ಅಂದ ಕೂಡಲೇ ಅಮ್ಮ, 'ಯಾವ ದನದ್ದು?' ಅಂತ ಗಾಬರಿಯಾದರು. ಸಮುದ್ರದಲ್ಲಿ ಬೆಳೆಯುವ ಅಗಲವಾದ ಪಾಚಿ ಎಂದು ಬಿಡಿಸಿ ಹೇಳಿದೆ. ಒಣಗಿದ ಚಕ್ಕಳದ ಹಾಗೆ ಇರುತ್ತದೆ, ಮೇಲೆ ಬಿಳಿ ಪುಡಿ. ಅಮ್ಮ ಅದನ್ನು ತೊಳೆಯಲು ನಲ್ಲಿ ಹತ್ತಿರ ಹೋದರು. ಅಜ್ಜಿ ಓಡಿ ಬಂದು ಕೈ ಹಿಡಿದರು. ಆ ಬಿಳಿ ಪುಡಿ ಧೂಳಲ್ಲ, ರುಚಿಯ ಪಾಲು. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. 1908ರಲ್ಲಿ ಟೋಕಿಯೊದ ಪ್ರೊಫೆಸರ್ ಕಿಕುನಾಎ ಇಕೆದಾ ಈ ಕೊಂಬುವಿನ ನೀರಿನಿಂದಲೇ ಗ್ಲುಟಮೇಟ್ ಎಂಬ ರುಚಿಯ ಪದಾರ್ಥ ಬೇರೆ ಮಾಡಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅಂದರೆ ಮೀನಿಲ್ಲದಿದ್ದರೆ ಜಪಾನಿ ರುಚಿ ಬರುವುದಿಲ್ಲ ಎಂಬ ಮಾತಿಗೆ ಹುರುಳಿಲ್ಲ.

ಅಜ್ಜಿ ಮೊದಲು ತೋರಿಸಿದ್ದು ನಿಕಿರಿ. ಇದು ಸುಶಿ ಅಂಗಡಿಯವರ ರಸ. ಒಳ್ಳೆಯ ಅಂಗಡಿಯಲ್ಲಿ ಮೀನಿನ ಮೇಲೆ ಅವರೇ ಬ್ರಷ್ಷಿನಲ್ಲಿ ಇದನ್ನು ಒಂದು ಸಲ ಸವರಿ ಕೊಡುತ್ತಾರೆ. ಹಾಗೆ ಕೊಟ್ಟಿದ್ದಕ್ಕೆ ಮತ್ತೆ ಏನೂ ನೆಂಚಿಕೊಳ್ಳಬೇಕಾಗಿಲ್ಲ. ಶೋಯು ನಾಲ್ಕು ಪಾಲು, ಮಿರಿನ್ ಒಂದು ಪಾಲು, ಸಾಕೆ ಒಂದು ಪಾಲು. ಮಿರಿನ್ ಎಂದರೆ ಅಡುಗೆಗೆ ಬಳಸುವ ಸಿಹಿಯಾದ ಅಕ್ಕಿಯ ಮದ್ಯ, ಅದರಲ್ಲಿ ಸುಮಾರು 14 ಶೇಕಡ ಆಲ್ಕೋಹಾಲ್. ಸಾಕೆ ಎಂದರೆ ಇಲ್ಲಿಯವರು ಕುಡಿಯುವ ಅಕ್ಕಿಯ ಮದ್ಯ. ಚಿಕ್ಕ ಪಾತ್ರೆಯಲ್ಲಿ ಮೊದಲು ಮಿರಿನ್ ಮತ್ತು ಸಾಕೆ ಎರಡನ್ನೇ ಕುದಿಸಬೇಕು. ಅಜ್ಜಿ ಗಡಿಯಾರ ನೋಡುವುದಿಲ್ಲ. ಪಾತ್ರೆಯ ಮೇಲೆ ಬಗ್ಗಿ ಉಸಿರು ಎಳೆಯುತ್ತಾರೆ. ಮೂಗಿಗೆ ಚುರುಕ್ ಅನ್ನುತ್ತಿದ್ದರೆ ಇನ್ನೂ ಆಗಿಲ್ಲ. ಆ ಚುರುಕು ಹೋಗಿ ಬೆಂದ ಅಕ್ಕಿಯ ಸಿಹಿ ವಾಸನೆ ಬಂದರೆ ಆಯಿತು. ನನ್ನ ಒಲೆಯ ಮೇಲೆ ಅದಕ್ಕೆ ಒಂದೂವರೆ ನಿಮಿಷ ಬೇಕು. ಆಮೇಲೆ ಉರಿ ಸಣ್ಣ ಮಾಡಿ ಶೋಯು ಹಾಕಿ, ಬೆರಳುದ್ದದ ಕೊಂಬು ತುಂಡು ಬಿಡಬೇಕು. ಅಂಚಿನಲ್ಲಿ ಪುಟ್ಟ ಗುಳ್ಳೆ ಏಳುತ್ತಿದ್ದ ಹಾಗೆ ಉರಿ ಆರಿಸಬೇಕು. ಶೋಯು ಕುದಿಯಬಾರದು. ಕುದಿದರೆ ಪರಿಮಳ ಮನೆ ತುಂಬಾ ಹರಡುತ್ತದೆ, ಬಟ್ಟಲಲ್ಲಿ ಬರೀ ಉಪ್ಪು ಉಳಿಯುತ್ತದೆ. ತಣ್ಣಗಾದ ಮೇಲೆ ಕೊಂಬು ತೆಗೆದು ಸಣ್ಣ ಶೀಶೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಚೆನ್ನಾಗಿರುತ್ತದೆ.

ಇದನ್ನು ಮೊದಲ ಸಲ ಮಾಡಿದ ದಿನ ನಾನು ಎರಡು ಬಟ್ಟಲಲ್ಲಿ ಇಟ್ಟು ನೋಡಿದೆ. ಒಂದರಲ್ಲಿ ಬಾಟಲಿಯಿಂದ ಬಗ್ಗಿಸಿದ ಶೋಯು, ಇನ್ನೊಂದರಲ್ಲಿ ನಿಕಿರಿ. ಬಾಟಲಿಯದ್ದು ನಾಲಿಗೆಯ ತುದಿಗೆ ಹೊಡೆಯುತ್ತದೆ. ನಿಕಿರಿ ಹೊಡೆಯುವುದಿಲ್ಲ, ಹಿಂದಿನಿಂದ ನಿಧಾನ ಬರುತ್ತದೆ, ಅನ್ನದ ಹುಳಿ ಕೆಡುವುದಿಲ್ಲ. ಬಿಳಿ ಬಟ್ಟಲನ್ನು ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ತೆಳುವಾದ ಕಡೆ ಕೆಂಪು ನೇರಳೆ ಕಾಣುತ್ತದೆ. ಸುಶಿ ಅಂಗಡಿಯವರ ಮಾತಿನಲ್ಲಿ ಶೋಯುವಿಗೆ ಮುರಾಸಾಕಿ ಎನ್ನುತ್ತಾರೆ, ನೇರಳೆ ಅಂತ ಅರ್ಥ.

ಅಮ್ಮನಿಗೆ ಮಿರಿನ್, ಸಾಕೆ ಬೇಡ. ಕುದಿಸಿದರೂ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ, ಅಲ್ಪಸ್ವಲ್ಪ ಉಳಿಯುತ್ತದೆ. ಬೇಡದವರಿಗೆ ಅದನ್ನು ಸರಿಯಾಗಿ ಹೇಳಬೇಕು. ಶೋಯುವಿನಲ್ಲೇ ಹುದುಗುವಾಗ ಹುಟ್ಟಿದ ಸ್ವಲ್ಪ ಆಲ್ಕೋಹಾಲ್ ಇರುತ್ತದೆ, ಅದನ್ನೂ ಅಮ್ಮನಿಗೆ ಹೇಳಿದೆ. ಅವರು ಯೋಚನೆ ಮಾಡಿ, 'ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ಅಂದ್ಕೊಳ್ತೇನೆ' ಅಂದರು. ಅವರಿಗಾಗಿ ಅಜ್ಜಿ ಮಾಡಿದ ಲೆಕ್ಕ ಹೀಗಿದೆ. ರಾತ್ರಿ ಒಂದು ಲೋಟ ತಣ್ಣೀರಿನಲ್ಲಿ ಬೆರಳುದ್ದದ ಕೊಂಬು, ಎರಡು ಒಣ ಅಣಬೆ ನೆನೆಹಾಕಿ. ಬೆಳಗ್ಗೆ ಆ ನೀರಿನಲ್ಲಿ ಕಾಲು ಲೋಟ ತೆಗೆದು, ಎರಡು ಚಹಾ ಚಮಚ ಸಕ್ಕರೆ ಹಾಕಿ ಕರಗಿಸಿ, ಅರ್ಧ ಲೋಟ ಶೋಯು ಸೇರಿಸಿ ಬಿಸಿ ಮಾಡಿ. ಮಿಕ್ಕ ನೀರು ಬೇಳೆ ಸಾರಿಗೆ ಹಾಕಿ, ಅಣಬೆಯನ್ನು ಹೆಚ್ಚಿ ಪಲ್ಯಕ್ಕೆ ಸೇರಿಸಿ. ನೀರು ಸೇರಿದ್ದರಿಂದ ಇದು ಒಂದು ವಾರದೊಳಗೆ ಮುಗಿಯಬೇಕು.

ನೀರು ಸೇರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಮ್ಮನಿಗೆ ಬಿಪಿ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಶೋಯುವಿನಲ್ಲಿ ಸುಮಾರು ಎರಡೂವರೆ ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಎರಡು ಚಮಚ ಬಟ್ಟಲಿಗೆ ಸುರಿದುಕೊಂಡು ಮುಗಿಸಿದರೆ ಇಡೀ ದಿನದ ಉಪ್ಪು ಅಲ್ಲಿಗೇ ಮುಗಿಯಿತು. 'ಚೆನ್ನಾಗಿ ಮುಳುಗಿಸಿ' ಎಂದು ಬರೆಯುವಾಗ ಇದನ್ನು ನೆನೆಸಿಕೊಳ್ಳಬೇಕಿತ್ತು. ತಿಳಿ ಬಣ್ಣದ ಶೋಯು ಅಂತ ಒಂದು ಸಿಗುತ್ತದೆ. ಬಣ್ಣ ತಿಳಿ ಅಂತ ಉಪ್ಪು ಕಡಿಮೆ ಅಂದುಕೊಳ್ಳಬೇಡಿ. ಅದರಲ್ಲಿ ಕಪ್ಪು ಶೋಯುವಿಗಿಂತ ಉಪ್ಪು ಜಾಸ್ತಿ.

ಇನ್ನು ಪೊಂಜು. ಅಜ್ಜಿಯ ಹಿತ್ತಲಲ್ಲಿ ಒಂದು ಯುಜು ಗಿಡ ಇದೆ. ಡಿಸೆಂಬರ್‌ನಲ್ಲಿ ಹಣ್ಣು ಹಳದಿಯಾಗುತ್ತದೆ. ಆ ತಿಂಗಳ 22ರ ಹೊತ್ತಿಗೆ ವರ್ಷದ ಅತಿ ಚಿಕ್ಕ ಹಗಲು ಬರುತ್ತದಲ್ಲ, ಅವತ್ತು ಇಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಯುಜು ತೇಲಿಬಿಟ್ಟು ಸ್ನಾನ ಮಾಡುತ್ತಾರೆ. ಅಜ್ಜಿ ಒಂದು ಚೀಲ ಹಣ್ಣು ಕೊಟ್ಟರು. ಅಮ್ಮ ಒಂದನ್ನು ಉಗುರಿನಿಂದ ಗೀರಿ ಮೂಸಿದರು. 'ನಮ್ಮ ಹೇರಳೆಕಾಯಿಯ ತಂಗಿ ಇದು' ಅಂದರು. ದಪ್ಪ ಸಿಪ್ಪೆ, ಒಳಗೆ ಬೀಜವೇ ಬೀಜ, ರಸ ಕಡಿಮೆ. ಐದು ಹಣ್ಣು ಹಿಂಡಿದರೂ ಅರ್ಧ ಲೋಟ ಆಗಲಿಲ್ಲ. ಇನ್ನೂ ಎರಡು ಹಿಂಡಿದರು. ಅದಕ್ಕೆ ಸಮ ಅಳತೆಯ ಶೋಯು, ಒಂದು ದೊಡ್ಡ ಚಮಚ ಸಕ್ಕರೆ, ಒಂದು ತುಂಡು ಕೊಂಬು. ಒಲೆ ಹಚ್ಚುವ ಕೆಲಸವೇ ಇಲ್ಲ. ಮುಚ್ಚಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಬಿಟ್ಟು ಕೊಂಬು ತೆಗೆಯಬೇಕು. ಅವತ್ತೇ ತಿಂದರೆ ಹುಳಿಯೂ ಉಪ್ಪೂ ಜಗಳ ಆಡುತ್ತಿರುತ್ತವೆ. ಒಂದು ವಾರ ಬಿಟ್ಟರೆ ಹೊಂದಿಕೊಳ್ಳುತ್ತವೆ, ನಮ್ಮ ನಿಂಬೆ ಉಪ್ಪಿನಕಾಯಿಯ ಹಾಗೆ. ಪೊಂಜು ಎಂಬ ಹೆಸರೇ ಡಚ್ಚರ ಮಾತಿನಿಂದ ಬಂದದ್ದಂತೆ, ಹಣ್ಣಿನ ರಸದ ಒಂದು ಪಾನಕಕ್ಕೆ ಅವರು 'ಪೊನ್ಸ್' ಎನ್ನುತ್ತಿದ್ದರು. ಶಿಕೊಕು ದ್ವೀಪದ ತೊಕುಶಿಮಾದವರು ಸುದಾಚಿ ಎಂಬ ಪುಟ್ಟ ಹಸಿರು ಹಣ್ಣು ಹಾಕುತ್ತಾರೆ, ಕ್ಯುಶು ದ್ವೀಪದ ಓಇತಾದವರು ಕಬೊಸು. ಯಾವ ಊರಲ್ಲಿ ಯಾವ ಹುಳಿಹಣ್ಣು ಬೆಳೆಯುತ್ತದೋ ಅದೇ ಅಲ್ಲಿಯ ಪೊಂಜು. ಹಾಗಾಗಿ ನಮ್ಮೂರಲ್ಲಿ ಹೇರಳೆಕಾಯಿಯೋ ಗಜನಿಂಬೆಯೋ ಹಾಕಿದರೆ ಏನೂ ಅಪಚಾರ ಇಲ್ಲ. ಬರೀ ನಿಂಬೆಯಾದರೆ ಹುಳಿ ತೀರಾ ಚೂಪು. ಆಗ ರಸ ಅರ್ಧಕ್ಕೆ ಇಳಿಸಿ, ಸ್ವಲ್ಪ ಕಿತ್ತಳೆ ರಸ ಸೇರಿಸಿ.

ಸಿಹಿ ರಸವನ್ನು ಬೇಗ ಹೇಳಿಬಿಡುತ್ತೇನೆ. ಶೋಯು, ಮಿರಿನ್, ಸಕ್ಕರೆ ಸಮ ಸಮ ಹಾಕಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸುವುದು. ಮಿರಿನ್ ಬೇಡವಾದರೆ ನೀರು, ಸಕ್ಕರೆ ಸ್ವಲ್ಪ ಜಾಸ್ತಿ. ಸುಟ್ಟ ಬದನೆಕಾಯಿ ಇಟ್ಟ ಸುಶಿಗೆ ಇದು ಬಹಳ ಚೆನ್ನ. ಹದ ಮಾತ್ರ ಗೊತ್ತಿರಬೇಕು. ಒಲೆಯ ಮೇಲೇ ಮಂದವಾಗಲಿ ಎಂದು ಕಾದರೆ ತಣ್ಣಗಾದಾಗ ಕಲ್ಲಾಗುತ್ತದೆ. ನಮ್ಮ ಒಂದೆಳೆ ಪಾಕಕ್ಕೂ ಸ್ವಲ್ಪ ಹಿಂದೆಯೇ ಇಳಿಸಬೇಕು. ನನಗೆ ಇದನ್ನು ಹೇಳಿಕೊಟ್ಟದ್ದು ಅಜ್ಜಿಯಲ್ಲ, ಅಮ್ಮ. ಅಜ್ಜಿ ಚಮಚ ಎತ್ತಿ ತೋರಿಸಿದರು, ಅಮ್ಮ ಎರಡು ಬೆರಳಿನ ನಡುವೆ ಹನಿ ಹಿಡಿದು ತೋರಿಸಿದರು. ಇಬ್ಬರಿಗೂ ಒಂದೇ ಕ್ಷಣದಲ್ಲಿ 'ಸಾಕು' ಅನ್ನಿಸಿತು. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಮೀನು ತಿನ್ನುವವರ ಮನೆಗೆ ಬೇರೆ ದಾರಿ ಇದೆ. ನಮ್ಮ ಮನೆಯವರಿಗೆ ತೊಸಾ ಶೋಯು ಇಷ್ಟ. ಬಿಸಿ ನಿಕಿರಿಗೆ ಒಂದು ಹಿಡಿ ಕತ್ಸುಓ ಹೊಟ್ಟು ಹಾಕಿ, ಅದು ತಳಕ್ಕೆ ಇಳಿದ ಮೇಲೆ ಬಟ್ಟೆಯಲ್ಲಿ ಸೋಸುವುದು. ತೊಸಾ ಎಂಬುದು ಇವತ್ತಿನ ಕೊಚಿಯ ಹಳೆಯ ಹೆಸರು, ಈ ಮೀನಿಗೆ ಹೆಸರಾದ ಕರಾವಳಿ. ಅವರೇ ಮಾಡಿಕೊಳ್ಳುತ್ತಾರೆ, ಅವರದೇ ಪಾತ್ರೆಯಲ್ಲಿ.

ಹಸಿ ಮೀನಿನ ಬಗ್ಗೆಯೂ ಒಂದು ಮಾತು. ವಿನೆಗರ್, ಶೋಯು, ವಸಾಬಿ ಎಂಬ ಹಸಿರು ಖಾರದ ಮುದ್ದೆ ತಾಗಿದರೆ ಮೀನಿನೊಳಗಿನ ಹುಳ ಸಾಯುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು. ಅಡುಗೆಯಲ್ಲಿ ಹಾಕುವಷ್ಟರಿಂದ ಅನಿಸಾಕಿಸ್ ಎಂಬ ಆ ಹುಳಕ್ಕೆ ಏನೂ ಆಗುವುದಿಲ್ಲ. ಚೆನ್ನಾಗಿ ಬೇಯಿಸಬೇಕು, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ಮೀನಿನ ಒಳಗಿನವರೆಗೂ ಹೆಪ್ಪುಗಟ್ಟಿರಬೇಕು ಎಂದು ಇಲ್ಲಿಯ ಆರೋಗ್ಯ ಇಲಾಖೆ ಹೇಳುತ್ತದೆ. ಸಂತೆಯಿಂದ ತಂದ ಮೀನನ್ನು ಹಸಿಯಾಗಿ ಸುಶಿಗೆ ಇಡಬೇಡಿ.

ಕರ್ನಾಟಕದಲ್ಲಿ ಯಾವ ಸೋಯಾ ಸಾಸ್ ತರಬೇಕು? ಗೋಬಿ ಮಂಚೂರಿಗೆ ಹಾಕುವ ದಪ್ಪ ಕಪ್ಪು ಸಾಸ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಹೆಚ್ಚಾಗಿ ಸುಟ್ಟ ಸಕ್ಕರೆಯ ಬಣ್ಣ ಇರುತ್ತದೆ, ದೊಡ್ಡ ಉರಿಯ ಬಾಣಲೆಗೆ ಅದು ಸರಿ. ನೆಂಚಿಕೊಳ್ಳಲು ತರುವ ಬಾಟಲಿಯ ಹಿಂದೆ ನಾಲ್ಕೇ ಹೆಸರು ಇರಬೇಕು. ಸೋಯಾ ಅವರೆ, ಗೋಧಿ, ಉಪ್ಪು, ನೀರು. ಬೇಯಿಸಿದ ಸೋಯಾ ಅವರೆ ಮತ್ತು ಹುರಿದ ಗೋಧಿಗೆ ಕೋಜಿ ಎಂಬ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಟ್ಟು, ಆಮೇಲೆ ಹಿಂಡಿ ತೆಗೆದದ್ದು ಶೋಯು. ಗೋಧಿ ಇರುವುದರಿಂದ ಗೋಧಿ ಆಗದವರು ಇದನ್ನು ಬಿಡಬೇಕು. ತಮಾರಿ ಎಂಬ ಬಗೆಯಲ್ಲಿ ಗೋಧಿ ಇಲ್ಲ ಅಥವಾ ಬಹಳ ಕಡಿಮೆ, ಅದನ್ನೂ ಲೇಬಲ್ ಓದಿಯೇ ತರಬೇಕು.

ನಮ್ಮ ವಾರ್ಡಿಗೆ ಹೆಸರು ಕೊಟ್ಟ ಎದೊ ನದಿಯ ಮೇಲ್ಗಡೆ, ಚಿಬಾ ಪ್ರಾಂತ್ಯದಲ್ಲಿ, ನೋದಾ ಎಂಬ ಊರಿದೆ. ಕಿಕ್ಕೋಮನ್ ಎಂಬ ಕಂಪನಿಯ ಶೋಯು ಹುಟ್ಟಿದ ಊರು. ರೈಲು ಬರುವ ಮುಂಚೆ ಅಲ್ಲಿಂದ ಶೋಯು ತುಂಬಿದ ಮರದ ಪೀಪಾಯಿಗಳು ದೋಣಿಯಲ್ಲಿ ಇದೇ ನದಿ ಇಳಿದು ಎದೊ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೊಗೆ ಬರುತ್ತಿದ್ದವು. ಅನ್ನದ ಉಂಡೆಯ ಮೇಲೆ ಮೀನು ಇಡುವ ನಿಗಿರಿ ಸುಶಿ ಇದೇ ಪಟ್ಟಣದಲ್ಲಿ 1820ರ ದಶಕದಲ್ಲಿ ಹೆಸರಾಯಿತು. ರ್ಯೋಗೊಕುವಿನ ಹನಾಯಾ ಯೊಹೆಯ್ ಎಂಬಾತ ಅದನ್ನು ಚಾಲ್ತಿಗೆ ತಂದ ಎನ್ನುತ್ತಾರೆ. ಅಮ್ಮನನ್ನು ಒಂದು ದಿನ ನೋದಾಕ್ಕೆ ಕರೆದುಕೊಂಡು ಹೋಗಿದ್ದೆ. ಸ್ಟೇಷನ್ ಇಳಿದ ಕೂಡಲೇ ಗಾಳಿಯಲ್ಲಿ ಹುದುಗಿದ ವಾಸನೆ. ಅಮ್ಮ ಮೂಗು ಮುಚ್ಚಿಕೊಳ್ಳುತ್ತಾರೇನೋ ಅಂತ ನೋಡಿದೆ. ಅವರು ನಿಂತು, 'ಆಲೆಮನೆ ಇದ್ದ ಹಾಗಿದೆ, ಸಿಹಿ ಬದಲು ಉಪ್ಪು' ಅಂದರು.

ನೆಂಚಿಕೊಳ್ಳುವ ಕೈಯ ಬಗ್ಗೆ ಅಜ್ಜಿ ಹೇಳಿದ್ದನ್ನು ಸೇರಿಸುತ್ತೇನೆ. ಬಟ್ಟಲಿಗೆ ರಸ ಬಗ್ಗಿಸುವಾಗ ತಳ ಮುಚ್ಚಿದರೆ ಸಾಕು, ಬೇಕಾದರೆ ಮತ್ತೆ ಬಗ್ಗಿಸಿಕೊಳ್ಳಬಹುದು. ನಿಗಿರಿಯಾದರೆ ಓರೆ ಮಾಡಿ ಮೇಲಿನ ಹೋಳನ್ನು ಮಾತ್ರ ತಾಗಿಸಬೇಕು, ಅನ್ನ ತಾಗಬಾರದು. ಸುರುಳಿಯಾದರೆ ಒಂದು ಅಂಚು. ತಾಗಿಸಲು ಬಾರದ ಹಾಗೆ ಮೇಲೆ ಪದಾರ್ಥ ತುಂಬಿದ್ದರೆ, ಶುಂಠಿ ಉಪ್ಪಿನಕಾಯಿಯ ಒಂದು ಎಸಳನ್ನು ರಸಕ್ಕೆ ಮುಟ್ಟಿಸಿ ಅದರಿಂದ ಸವರಬೇಕು. ಕೈಯಲ್ಲಿ ಎತ್ತಿ ತಿಂದರೆ ತಪ್ಪಿಲ್ಲ. ಅಮ್ಮನಿಗೆ ಎಲ್ಲಕ್ಕಿಂತ ಖುಷಿಯಾದ ವಿಷಯ ಅದೇ. ವಸಾಬಿಯನ್ನು ಶೋಯುವಿಗೆ ಕಲಸುವವರು ಇಲ್ಲೂ ಬೇಕಾದಷ್ಟು ಜನ ಇದ್ದಾರೆ, ಯಾರೂ ಬೈಯುವುದಿಲ್ಲ. ಆದರೆ ತುಂಡಿನ ಮೇಲೆ ಚೂರೇ ಚೂರು ಇಟ್ಟು ತಿಂದರೆ ಅದರ ಪರಿಮಳ ಗೊತ್ತಾಗುತ್ತದೆ. ಟ್ಯೂಬಿನಲ್ಲಿ ಬರುವುದರಲ್ಲಿ ಹೆಚ್ಚಿನ ಪಾಲು ಬೇರೆ ಒಂದು ಖಾರದ ಬೇರು. ಅದರಿಂದ ಅಡ್ಡಿಯೇನಿಲ್ಲ.

ಮೆಯೊನೀಸ್ ಬಗ್ಗೆ ನನಗೆ ಸಿಟ್ಟಿಲ್ಲ. ಇಲ್ಲಿಯ ಮಕ್ಕಳೂ ಜೋಳ ಮತ್ತು ಮೆಯೊನೀಸ್ ಇಟ್ಟ ಸುಶಿಯನ್ನು ಇಷ್ಟಪಟ್ಟು ತಿನ್ನುತ್ತಾರೆ, ನನ್ನ ಮಗನೂ ತಿನ್ನುತ್ತಾನೆ. ನನ್ನ ಕೋರಿಕೆ ಎರಡೇ. ಮುಂದೆ ಇಂಥ ಅಡುಗೆ ಹಾಕುವಾಗ 'ಇದರಲ್ಲಿ ಮೀನಿನ ಸಾರ ಇರಬಹುದು, ಇದರಲ್ಲಿ ಆಲ್ಕೋಹಾಲ್ ಇದೆ, ಇದರಲ್ಲಿ ಗೋಧಿ ಇದೆ' ಎಂಬ ಒಂದು ಸಾಲನ್ನು ದಯವಿಟ್ಟು ಸೇರಿಸಿ. ಮತ್ತೆ, 'ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ' ಎಂದ ಆ ಸಾಲಿಗೆ ಬರುವ ಭಾನುವಾರವೇ ಒಂದು ತಿದ್ದುಪಡಿ ಹಾಕಿ. ನಿಮ್ಮ ಪತ್ರಿಕೆಯಲ್ಲಿ ಬಂದಿದೆ ಎಂದರೆ ನಮ್ಮೂರ ಕಡೆ ಅದನ್ನು ನಂಬುತ್ತಾರೆ. ಅಮ್ಮನೂ ನಂಬುತ್ತಾರೆ.

ಅಮ್ಮ ಈಗ ಊರಲ್ಲಿದ್ದಾರೆ. ಹಿತ್ತಲ ಹೇರಳೆಕಾಯಿಯಲ್ಲೇ ಪೊಂಜು ಮಾಡಿ ಎರಡು ಶೀಶೆ ತುಂಬಿಟ್ಟಿದ್ದಾರಂತೆ, ಸಿಹಿಗೆ ಸಕ್ಕರೆ ಬದಲು ಜೋನಿ ಬೆಲ್ಲ. ಸುಶಿ ಅಲ್ಲಿ ಎಲ್ಲಿ ಬರಬೇಕು, ಅವರು ಅದನ್ನು ನೀರುದೋಸೆಗೆ ನೆಂಚಿಕೊಳ್ಳುತ್ತಾರೆ. ಮೊನ್ನೆ ಫೋನಿನಲ್ಲಿ, ಕೊಂಬು ಮುಗಿದಿದೆ, ಬರುವಾಗ ಎರಡು ಕಟ್ಟು ತಾ, ಅಜ್ಜಿಯನ್ನೂ ಕೇಳಿದೆ ಅಂತ ಹೇಳು ಅಂದರು.

ಇತಿ,
ನಿಮ್ಮ ನಿತ್ಯದ ಓದುಗರಲ್ಲಿ ಒಬ್ಬಳು
ಎದೊಗಾವಾ, ಟೋಕಿಯೊ